ಪ್ರೋಗ್ರಾಂ ಹಾಕಿದ್ದೇನೆ, ಆದರೂ ಟರ್ಮಿನಲ್ ‘ಕಮಾಂಡ್ ನಾಟ್ ಫೌಂಡ್’ ಅನ್ನುತ್ತಿದೆ

ತಿಪಟೂರು ಮೇಷ್ಟ್ರು · ಶನಿವಾರ ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಮ್ಮೂರ ಗ್ರಂಥಾಲಯದಲ್ಲಿ ಹಳೆಯ ಕೃಷಿ ಪತ್ರಿಕೆಗಳ ಒಂದು ಕಟ್ಟು ಇತ್ತು. ಗೆದ್ದಲು ಹತ್ತುವ ಮೊದಲು ಒಂದೊಂದಾಗಿ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿಟ್ಟಿದ್ದೇನೆ. ಒಟ್ಟು 62 ಸಂಚಿಕೆ. ಆದರೆ ಅವೆಲ್ಲ ಬರೀ ಚಿತ್ರಗಳು, ಒಳಗಿನ ಒಂದು ಪದವನ್ನೂ ಹುಡುಕಲು ಆಗುವುದಿಲ್ಲ. ಓಸಿಆರ್‌ಮೈಪಿಡಿಎಫ್ ಎಂಬ ಪ್ರೋಗ್ರಾಂ ಕನ್ನಡ ಅಕ್ಷರಗಳನ್ನೂ ಓದುತ್ತದೆ ಎಂದು ತಿಳಿದು, ಇವತ್ತು ಮಧ್ಯಾಹ್ನ ಅದನ್ನು ಹಾಕಲು ಕೂತೆ.

ನನ್ನದು ಉಬುಂಟು 24.04 ಎಂಬ ಲಿನಕ್ಸ್. ಮೊದಲು ಉಬುಂಟುವಿನದೇ ಪ್ರೋಗ್ರಾಂ ಹಾಕುವ ಸಾಧನವಾದ ಆಪ್ಟ್‌ನಿಂದ, ಪೈಥಾನ್ ಪ್ರೋಗ್ರಾಂಗಳನ್ನು ಹಾಕಿಕೊಡುವ ಪಿಪ್‌ಎಕ್ಸ್ ಹಾಕಿದೆ. ಆಮೇಲೆ ‘ಪಿಪ್‌ಎಕ್ಸ್ ಇನ್‌ಸ್ಟಾಲ್ ಓಸಿಆರ್‌ಮೈಪಿಡಿಎಫ್’ ಕೊಟ್ಟೆ. ಏನೇನೋ ಇಳಿಯಿತು. ಕೊನೆಗೆ ‘ಡನ್’ ಎಂದು ಬಂತು, ಪಕ್ಕದಲ್ಲಿ ನಕ್ಷತ್ರಗಳೂ ಬಂದವು. ಖುಷಿಯಾಯಿತು. ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ, ಕಮಾಂಡ್ ಸಿಗಲಿಲ್ಲ, ‘ಸುಡೋ ಆಪ್ಟ್ ಇನ್‌ಸ್ಟಾಲ್ ಓಸಿಆರ್‌ಮೈಪಿಡಿಎಫ್’ ಕೊಟ್ಟು ಹಾಕಿಕೊಳ್ಳಬಹುದು ಎನ್ನುತ್ತದೆ! ಹಾಕಿದ್ದನ್ನೇ ಮತ್ತೆ ಹಾಕು ಅಂದರೆ ಹೇಗೆ? ಟರ್ಮಿನಲ್ ಮುಚ್ಚಿ ತೆರೆದೆ, ನಾಲ್ಕು ಸಲ. ಅದೇ ಮಾತು.

ಒಂದು ವಿಷಯ. ಸ್ಕ್ಯಾನ್ ಫೈಲುಗಳೆಲ್ಲ ಈಗ ಇನ್ನೊಂದು ಡಿಸ್ಕಿಗೆ ನಕಲಾಗುತ್ತಿವೆ, ಬೆಳಗಿನವರೆಗೂ ಆಗಬಹುದು. ಹಾಗಾಗಿ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಲು ಮನಸ್ಸಿಲ್ಲ.

ಸರ್ವರ್ ರೂಮ್ · ಶನಿವಾರ ರಾತ್ರಿ 9:12

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪ್ರೋಗ್ರಾಂ ಎಲ್ಲೂ ಹೋಗಿಲ್ಲ, ಧೈರ್ಯವಾಗಿರಿ. ಮತ್ತೆ ಹಾಕಬೇಡಿ, ಸುಡೋ (ಆಡಳಿತಗಾರನ ಅಧಿಕಾರದಿಂದ ಓಡಿಸುವ ಕಮಾಂಡ್) ಸೇರಿಸಿಯೂ ಹಾಕಬೇಡಿ. ಮೊದಲು ಎರಡು ವಿಷಯ ನೋಡೋಣ. ಪ್ರೋಗ್ರಾಂ ಎಲ್ಲಿ ಕೂತಿದೆ? ಟರ್ಮಿನಲ್ ಒಳಗೆ ನಿಮ್ಮ ಕಮಾಂಡ್ ಓದಿ ಓಡಿಸುವ ಶೆಲ್ ಅದನ್ನು ಎಲ್ಲೆಲ್ಲಿ ಹುಡುಕುತ್ತಿದೆ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಮುಕ್ಕಾಲು ಕೆಲಸ ಆದ ಹಾಗೆ. ಉತ್ತರ ಸಿಗುವ ಮೊದಲೇ ಕಂಡ ಕಂಡ ಕಮಾಂಡ್ ಪೇಸ್ಟ್ ಮಾಡುವುದರಿಂದಲೇ ಜಾಸ್ತಿ ತೊಂದರೆ ಆಗುವುದು.

ಫೋನಿನಲ್ಲಿ ಹೇಳುವ ಹಾಗೆ ಕಮಾಂಡುಗಳನ್ನು ಉಚ್ಚಾರದಲ್ಲೇ ಬರೆಯುತ್ತೇನೆ, ನೀವು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಪಾತ್ ಮತ್ತು ಹೋಮ್ ಎಂಬ ಎರಡು ಪದ, ಮುಂದೆ ಡಾಲರ್ ಗುರುತು ಇರಲಿ ಬಿಡಲಿ, ದೊಡ್ಡಕ್ಷರದಲ್ಲೇ ಇರಬೇಕು. ~ ಗುರುತು ಅಂದರೆ ನಿಮ್ಮ ಹೋಮ್ ಫೋಲ್ಡರ್.

ಮೊದಲನೆಯದು: ಎಲ್ಎಸ್ ~/.ಲೋಕಲ್/ಬಿನ್
ಎರಡನೆಯದು: ಎಕೋ $ಪಾತ್

ಎರಡರಲ್ಲೂ ಏನು ಬಂತು ಹೇಳಿ.

ತಿಪಟೂರು ಮೇಷ್ಟ್ರು · ಶನಿವಾರ ರಾತ್ರಿ 9:25

ಮೇಡಂ, ಮೊದಲನೆಯದಕ್ಕೆ ‘ಓಸಿಆರ್‌ಮೈಪಿಡಿಎಫ್’ ಎಂದು ಒಂದೇ ಹೆಸರು ಬಂತು. ಅಂದರೆ ಇದೆ ಅಂತ ಅಲ್ವಾ?

ಎರಡನೆಯದಕ್ಕೆ ಉದ್ದನೆಯ ಸಾಲು ಬಂತು: /ಯುಎಸ್ಆರ್/ಲೋಕಲ್/ಎಸ್‌ಬಿನ್:/ಯುಎಸ್ಆರ್/ಲೋಕಲ್/ಬಿನ್:/ಯುಎಸ್ಆರ್/ಎಸ್‌ಬಿನ್:/ಯುಎಸ್ಆರ್/ಬಿನ್ ಹೀಗೆ ಸಾಗಿ ಕೊನೆಗೆ /ಸ್ನ್ಯಾಪ್/ಬಿನ್. ಒಟ್ಟು 9 ಜಾಗಗಳಿವೆ. ನೀವು ಹೇಳಿದ .ಲೋಕಲ್/ಬಿನ್ ಮಾತ್ರ ಇದರಲ್ಲಿ ಎಲ್ಲೂ ಇಲ್ಲ.

ಸರ್ವರ್ ರೂಮ್ · ಶನಿವಾರ ರಾತ್ರಿ 9:48

ನೀವೇ ಕಂಡುಹಿಡಿದಿರಿ ಮೇಷ್ಟ್ರೇ, ಇದೇ ಕಾರಣ.

ನೀವು ಒಂದು ಹೆಸರು ಟೈಪ್ ಮಾಡಿದಾಗ ಶೆಲ್ ಇಡೀ ಡಿಸ್ಕನ್ನು ಜಾಲಾಡುವುದಿಲ್ಲ. ಪಾತ್ ಎಂಬ ಪಟ್ಟಿಯಲ್ಲಿರುವ ಫೋಲ್ಡರುಗಳಲ್ಲಿ ಮಾತ್ರ ನೋಡುತ್ತದೆ. ಎಡದಿಂದ ಬಲಕ್ಕೆ ಒಂದೊಂದೇ ಫೋಲ್ಡರ್ ನೋಡಿಕೊಂಡು ಹೋಗಿ, ಮೊದಲು ಎಲ್ಲಿ ಸಿಗುತ್ತದೋ ಅದನ್ನು ಓಡಿಸುತ್ತದೆ. ನಡುವಿನ ಕೋಲನ್ ಬರೀ ಬೇಲಿ ಅಷ್ಟೆ. ಪಟ್ಟಿ ಮುಗಿದರೂ ಸಿಗದಿದ್ದರೆ ‘ಕಮಾಂಡ್ ನಾಟ್ ಫೌಂಡ್’. ಅದರ ಅರ್ಥ ‘ನಾನು ನೋಡಿದ ಜಾಗಗಳಲ್ಲಿ ಇಲ್ಲ’ ಎಂದು ಮಾತ್ರ, ‘ಕಂಪ್ಯೂಟರಿನಲ್ಲೇ ಇಲ್ಲ’ ಎಂದಲ್ಲ. ಆಪ್ಟ್‌ನಿಂದ ಹಾಕಿಕೊಳ್ಳಿ ಎಂದು ಹೇಳಿದ್ದು ಉಬುಂಟು ಜೊತೆಗೆ ಕೊಡುವ ಇನ್ನೊಂದು ಸಹಾಯಕ ಪ್ರೋಗ್ರಾಂ. ಅದಕ್ಕೂ ನಿಮ್ಮ .ಲೋಕಲ್/ಬಿನ್ ವಿಷಯ ಗೊತ್ತಿಲ್ಲ.

ಈಗ, ಟರ್ಮಿನಲ್ ಮುಚ್ಚಿ ತೆರೆದರೂ ಯಾಕೆ ಸರಿಹೋಗಲಿಲ್ಲ? ಉಬುಂಟುವಿನಲ್ಲಿ ನಿಮ್ಮ ಹೋಮ್ ಫೋಲ್ಡರಿನ .ಪ್ರೊಫೈಲ್ ಎಂಬ ಫೈಲ್ ತೆರೆದು ಕೊನೆಯ ಸಾಲುಗಳನ್ನು ಓದಿ. ‘.ಲೋಕಲ್/ಬಿನ್ ಎಂಬ ಫೋಲ್ಡರ್ ಇದ್ದರೆ ಅದನ್ನು ಪಾತ್‌ಗೆ ಸೇರಿಸು’ ಎಂಬ ಷರತ್ತು ಅಲ್ಲಿದೆ. ‘ಇದ್ದರೆ’ ಎಂಬ ಪದವೇ ಮುಖ್ಯ. ಬೆಳಿಗ್ಗೆ ನೀವು ಲಾಗಿನ್ ಆದಾಗ ಆ ಫೋಲ್ಡರ್ ಹುಟ್ಟಿಯೇ ಇರಲಿಲ್ಲ. ಮಧ್ಯಾಹ್ನ ಪಿಪ್‌ಎಕ್ಸ್ ಅದನ್ನು ಹುಟ್ಟುಹಾಕಿತು. ಷರತ್ತನ್ನು ನೋಡುವುದು ಲಾಗಿನ್ ಆಗುವಾಗ ಒಂದೇ ಸಲ.

ರೇಷನ್ ಪಟ್ಟಿಯ ಜೆರಾಕ್ಸ್ ನೆನಪು ಮಾಡಿಕೊಳ್ಳಿ. ಲಾಗಿನ್ ಆದಾಗ ನಿಮ್ಮ ಡೆಸ್ಕ್‌ಟಾಪ್ ಪಟ್ಟಿಯ ಒಂದು ಜೆರಾಕ್ಸ್ ತೆಗೆದುಕೊಂಡಿತು. ಆಮೇಲೆ ತೆರೆದ ಪ್ರತಿ ಟರ್ಮಿನಲ್ ಆ ಜೆರಾಕ್ಸಿನ ಜೆರಾಕ್ಸ್ ತೆಗೆದುಕೊಳ್ಳುತ್ತದೆ. ಕಚೇರಿಯಲ್ಲಿ ಮೂಲ ಪಟ್ಟಿಗೆ ಹೊಸ ಹೆಸರು ಸೇರಿಸಿದರೂ ಕೈಯಲ್ಲಿರುವ ಪ್ರತಿ ತಾನಾಗಿ ಬದಲಾಗುವುದಿಲ್ಲ. ಲಾಗೌಟ್ ಮಾಡಿ ಮತ್ತೆ ಲಾಗಿನ್ ಆಗಿದ್ದರೆ ನಿಮಗೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ಆದರೆ ನಿಮ್ಮ ನಕಲು ಕೆಲಸ ನಿಲ್ಲಬಾರದು. ಆದ್ದರಿಂದ ಹೀಗೆ ಮಾಡಿ: ‘ಪಿಪ್‌ಎಕ್ಸ್ ಎನ್‌ಶೂರ್‌ಪಾತ್’ ಕೊಡಿ. ಅದು ಬ್ಯಾಶ್ (ನಿಮ್ಮ ಶೆಲ್‌ನ ಹೆಸರು) ಓದುವ .ಬ್ಯಾಶ್‌ಆರ್‌ಸಿ ಎಂಬ ಫೈಲಿಗೆ ಒಂದು ಸಾಲು ಸೇರಿಸುತ್ತದೆ. ಪ್ರತಿ ಹೊಸ ಟರ್ಮಿನಲ್ ತೆರೆದಾಗ ಆ ಫೈಲನ್ನು ಓದುತ್ತದೆ, ಲಾಗೌಟ್ ಬೇಕಿಲ್ಲ. ಆಮೇಲೆ ಹೊಸ ಕಿಟಕಿ ತೆರೆದು ನೋಡಿ.

ತಿಪಟೂರು ಮೇಷ್ಟ್ರು · ಶನಿವಾರ ರಾತ್ರಿ 10:05

ಬಂತು ಮೇಡಂ! ಹೆಸರು ಕೊಟ್ಟ ತಕ್ಷಣ ಸಹಾಯದ ಸಾಲುಗಳು ಬಂದವು. .ಬ್ಯಾಶ್‌ಆರ್‌ಸಿ ತೆರೆದು ನೋಡಿದೆ. ಕೊನೆಯಲ್ಲಿ ‘ಪಿಪ್‌ಎಕ್ಸ್ ಇದನ್ನು ಬರೆದಿದೆ’ ಎಂಬ ಟಿಪ್ಪಣಿ, ಇವತ್ತಿನ ತಾರೀಕು, ಅದರ ಕೆಳಗೆ ಪಾತ್ ಸಾಲು. ಜೆರಾಕ್ಸ್ ಮಾತು ಮನಸ್ಸಿಗೆ ಚೆನ್ನಾಗಿ ಹಿಡಿಯಿತು.

ಮಲ್ಲಿಗೆ ಮನೆ · ಶನಿವಾರ ರಾತ್ರಿ 10:20

ಸರ್, ಒಂದು ಅಭಿಪ್ರಾಯ. ಪಿಪ್‌ಎಕ್ಸ್ ಯಾಕೆ ಬೇಕಿತ್ತು? ಉಬುಂಟು ಹೇಳಿದ ಹಾಗೆ ಆಪ್ಟ್‌ನಿಂದ ಹಾಕಿದ್ದರೆ ಪ್ರೋಗ್ರಾಂ /ಯುಎಸ್ಆರ್/ಬಿನ್‌ಗೆ ಬರುತ್ತಿತ್ತು. ಅದು ಪಾತ್‌ನಲ್ಲಿ ಇದ್ದೇ ಇದೆ, ತಲೆನೋವೇ ಇಲ್ಲ. ಹೊಸಬರಿಗೆ ಆಪ್ಟ್ ಸಾಕು ಎಂದೇ ನಾನು ಹೇಳುತ್ತೇನೆ.

ಸರ್ವರ್ ರೂಮ್ · ಶನಿವಾರ ರಾತ್ರಿ 10:31

ಮಾತು ಸರಿ. ಆಪ್ಟ್‌ನಲ್ಲಿ ಸಿಗುವ ಆವೃತ್ತಿ ಸಾಕು ಅನ್ನಿಸಿದರೆ ನಾನೂ ಅದನ್ನೇ ಹಾಕಿಕೊಳ್ಳಿ ಅನ್ನುತ್ತೇನೆ. ಹೊಸ ಆವೃತ್ತಿ ಬೇಕಾದವರಿಗೆ ಪಿಪ್‌ಎಕ್ಸ್ ಒಳ್ಳೆಯ ದಾರಿ. ಈಗಿನ ಉಬುಂಟುಗಳಲ್ಲಿ ಪೈಥಾನ್‌ನ ಮಾಮೂಲಿ ಸಾಧನ ಪಿಪ್ ಬಳಸಿ ಬರೀ ‘ಪಿಪ್ ಇನ್‌ಸ್ಟಾಲ್’ ಕೊಟ್ಟರೆ, ಈ ಪೈಥಾನ್ ವ್ಯವಸ್ಥೆಯ ಸುಪರ್ದಿನಲ್ಲಿದೆ ಎಂದು ಹೇಳಿ ಹಾಕುವುದಕ್ಕೇ ಬಿಡುವುದಿಲ್ಲ. ಅದು ಒಳ್ಳೆಯದೇ. ಎರಡೂ ಒಟ್ಟಿಗೆ ಹಾಕಿಕೊಂಡಾಗ ಮಾತ್ರ ಗೊಂದಲ ಶುರುವಾಗುತ್ತದೆ.

ಬಯಲುಸೀಮೆ ಹುಡುಗ · ಭಾನುವಾರ ಬೆಳಿಗ್ಗೆ 7:15

ಅಕ್ಕಾ, ಮೇಷ್ಟ್ರ ದಾರದಲ್ಲಿ ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ದಾವಣಗೆರೆಯಲ್ಲಿ ಬಿಇ ಓದುತ್ತಿದ್ದೇನೆ. ರಾತ್ರಿ ನಿಮ್ಮ ಉತ್ತರ ಓದಿ, ಗೋ ಭಾಷೆಯ ಕಂಪೈಲರನ್ನು ಪಾತ್‌ಗೆ ನಾನೇ ಸೇರಿಸೋಣ ಎಂದು ಹೊರಟೆ. .ಬ್ಯಾಶ್‌ಆರ್‌ಸಿ ಕೊನೆಯಲ್ಲಿ ಹೀಗೆ ಬರೆದೆ:

ಎಕ್ಸ್‌ಪೋರ್ಟ್ ಪಾತ್=/ಯುಎಸ್ಆರ್/ಲೋಕಲ್/ಗೋ/ಬಿನ್

ಗೋ ಕೆಲಸ ಮಾಡುತ್ತಿದೆ. ಆದರೆ ಎಲ್ಎಸ್ ಇಲ್ಲ, ನ್ಯಾನೋ ಇಲ್ಲ, ಸುಡೋ ಕೂಡ ಇಲ್ಲ! ಹೊಸ ಕಿಟಕಿ ತೆರೆದರೂ ಹಾಗೇ. ಫೈಲ್ ತಿದ್ದಲು ನ್ಯಾನೋನೇ ಸಿಗುತ್ತಿಲ್ಲ. ನಾಳೆ ಲ್ಯಾಬ್ ಇದೆ. ಉಬುಂಟು ಪೂರ್ತಿ ಮತ್ತೆ ಹಾಕಬೇಕಾ?

ಸರ್ವರ್ ರೂಮ್ · ಭಾನುವಾರ ಬೆಳಿಗ್ಗೆ 7:40

ಬೇಡ ತಮ್ಮಾ, ಏನೂ ಮತ್ತೆ ಹಾಕಬೇಡ. ಒಂದು ಫೈಲೂ ಅಳಿಸಿಲ್ಲ. ಹಳೆಯ ಪಟ್ಟಿಗೆ ಒಂದು ಹೆಸರು ಸೇರಿಸುವ ಬದಲು, ಪಟ್ಟಿಯನ್ನೇ ಹರಿದು ಒಂದೇ ಹೆಸರಿನ ಹೊಸ ಪಟ್ಟಿ ಬರೆದೆ ಅಷ್ಟೆ.

ಹೆಸರಿನಿಂದ ಸಿಗದಿದ್ದರೆ ಪೂರ್ತಿ ವಿಳಾಸ ಕೊಟ್ಟು ಕರೆ. ವಿಳಾಸದಲ್ಲಿ ಓರೆಗೆರೆ ಇದ್ದರೆ ಶೆಲ್ ಪಾತ್ ಕಡೆ ನೋಡುವುದೇ ಇಲ್ಲ, ನೇರ ಅಲ್ಲಿಗೇ ಹೋಗುತ್ತದೆ. ಹಾಗಾಗಿ ಹೀಗೆ ಕೊಡು:

/ಯುಎಸ್ಆರ್/ಬಿನ್/ನ್ಯಾನೋ ~/.ಬ್ಯಾಶ್‌ಆರ್‌ಸಿ

ತೆರೆಯುತ್ತದೆ. ಆ ಸಾಲನ್ನು ಹೀಗೆ ತಿದ್ದು:

ಎಕ್ಸ್‌ಪೋರ್ಟ್ ಪಾತ್="$ಪಾತ್:/ಯುಎಸ್ಆರ್/ಲೋಕಲ್/ಗೋ/ಬಿನ್"

$ಪಾತ್ ಅಂದರೆ ‘ಈಗಾಗಲೇ ಇರುವ ಪಟ್ಟಿ’. ಅದನ್ನು ಮೊದಲು ಇಟ್ಟು, ಕೋಲನ್ ಹಾಕಿ, ಆಮೇಲೆ ಹೊಸ ಜಾಗ. ಸಮ ಚಿಹ್ನೆಯ ಆಚೀಚೆ ಜಾಗ ಬಿಡಬೇಡ. ಎಕ್ಸ್‌ಪೋರ್ಟ್ ಇಲ್ಲದೆ ‘ಪಾತ್ = ’ ಎಂದು ಜಾಗ ಬಿಟ್ಟು ಬರೆದರೆ, ಪಾತ್ ಎಂಬ ಹೆಸರಿನ ಪ್ರೋಗ್ರಾಂ ಹುಡುಕಲು ಹೊರಡುತ್ತದೆ ಶೆಲ್. ಹೋಮ್ ಫೋಲ್ಡರಿನ ಒಳಗಿನ ಜಾಗ ಸೇರಿಸುವಾಗ ಉದ್ಧರಣ ಚಿಹ್ನೆಯ ಒಳಗೆ ~ ಬಳಸಬೇಡ, $ಹೋಮ್ ಎಂದೇ ಬರೆ.

ಇನ್ನೊಂದು ಮಾತು ಮನಸ್ಸಲ್ಲಿಟ್ಟುಕೋ. .ಬ್ಯಾಶ್‌ಆರ್‌ಸಿ ತಿದ್ದಿದ ಮೇಲೆ ಹಳೆಯ ಕಿಟಕಿ ಮುಚ್ಚಬೇಡ. ಅದನ್ನು ಹಾಗೇ ಬಿಟ್ಟು ಹೊಸದೊಂದು ತೆರೆದು ನೋಡು. ಹೊಸದು ಕೆಟ್ಟಿದ್ದರೆ, ಹಳೆಯದರ ಪಾತ್ ಇನ್ನೂ ಚೆನ್ನಾಗಿಯೇ ಇರುತ್ತದೆ, ಅಲ್ಲಿಂದ ತಿದ್ದಬಹುದು. ನಾನು 20 ವರ್ಷದಿಂದ ಸರ್ವರ್ ನೋಡಿಕೊಳ್ಳುತ್ತಿದ್ದೇನೆ, ಇವತ್ತಿಗೂ ಹೀಗೇ ಮಾಡುತ್ತೇನೆ.

ಬಯಲುಸೀಮೆ ಹುಡುಗ · ಭಾನುವಾರ ಬೆಳಿಗ್ಗೆ 7:58

ಎಲ್ಲ ವಾಪಸ್ ಬಂತು ಅಕ್ಕಾ! ತುಂಬಾ ಥ್ಯಾಂಕ್ಸ್. ಕೈಕಾಲು ತಣ್ಣಗಾಗಿತ್ತು ನನಗೆ. ಒಂದು ಅನುಮಾನ: ಎಲ್ಎಸ್ ಇಲ್ಲದಾಗಲೂ ಎಕೋ, ಸಿಡಿ ಎರಡೂ ಓಡುತ್ತಿದ್ದವು. ಅದು ಹೇಗೆ?

ಸರ್ವರ್ ರೂಮ್ · ಭಾನುವಾರ ಬೆಳಿಗ್ಗೆ 8:10

ಒಳ್ಳೆಯ ಪ್ರಶ್ನೆ. ಅವೆರಡೂ ಶೆಲ್‌ನ ಹೊಟ್ಟೆಯೊಳಗೇ ಇವೆ, ಹೊರಗೆ ಹುಡುಕಬೇಕಿಲ್ಲ. ‘ಟೈಪ್ ಸಿಡಿ’ ಎಂದು ಕೊಟ್ಟು ನೋಡು, ಇದು ಶೆಲ್‌ನ ಬಿಲ್ಟಿನ್ ಎಂದು ಅದೇ ಹೇಳುತ್ತದೆ. ಟೈಪ್ ಎಂಬ ಈ ಸಣ್ಣ ಕಮಾಂಡ್ ಅಭ್ಯಾಸ ಮಾಡಿಕೋ, ಆಮೇಲೆ ಬೇಕಾಗುತ್ತದೆ.

ಕಡಲ ಕಿನಾರೆ · ಭಾನುವಾರ ಬೆಳಿಗ್ಗೆ 10:30

ವಿಂಡೋಸ್‌ನವರ ಕಷ್ಟವನ್ನೂ ಸ್ವಲ್ಪ ಬರೆಯುತ್ತೇನೆ ಮಾರಾಯ್ರೆ. ಮಂಗಳೂರಿನಲ್ಲಿ ಹಳೇ ಯಕ್ಷಗಾನ ಪ್ರಸಂಗಗಳನ್ನು ಸ್ಕ್ಯಾನ್ ಮಾಡುವ ಗೆಳೆಯರಿಗೆ ನಾನೇ ಇದೆಲ್ಲ ಹಾಕಿಕೊಡುವುದು.

ಅಕ್ಷರ ಓದುವ ಟೆಸರಾಕ್ಟ್ ಅನ್ನು ವಿಂಡೋಸ್‌ನಲ್ಲಿ ಹಾಕಿದರೆ ಅದು ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್ ಒಳಗೆ ಟೆಸರಾಕ್ಟ್-ಓಸಿಆರ್ ಎಂಬ ಫೋಲ್ಡರಿನಲ್ಲಿ ಕೂರುತ್ತದೆ. ಪಾತ್‌ಗೆ ತಾನಾಗಿ ಸೇರುವುದಿಲ್ಲ. ಪೈಥಾನ್‌ನಿಂದ ಕರೆದರೆ, ಟೆಸರಾಕ್ಟ್ ಹಾಕಿಲ್ಲ ಅಥವಾ ಅದು ನಿಮ್ಮ ಪಾತ್‌ನಲ್ಲಿ ಇಲ್ಲ ಎಂಬ ದೂರು ಬರುತ್ತದೆ. ಜನ ಆ ವಾಕ್ಯದ ಮೊದಲರ್ಧ ಮಾತ್ರ ಓದಿ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಎರಡನೇ ಅರ್ಧ ಓದಬೇಕು!

ಸ್ಟಾರ್ಟ್ ಮೆನುವಿನಲ್ಲಿ ‘ಎನ್ವಿರಾನ್ಮೆಂಟ್ ವೇರಿಯಬಲ್ಸ್’ ಎಂದು ಹುಡುಕಿ, ಪಾತ್ ಆರಿಸಿ, ಎಡಿಟ್, ನ್ಯೂ ಒತ್ತಿ ಫೋಲ್ಡರಿನ ವಿಳಾಸ ಹಾಕಿ, ತೆರೆದಿರುವ ಎಲ್ಲ ಪೆಟ್ಟಿಗೆಗೂ ಓಕೆ ಕೊಡಿ. ವಿಂಡೋಸ್‌ನಲ್ಲಿ ಬೇಲಿ ಕೋಲನ್ ಅಲ್ಲ, ಸೆಮಿಕೋಲನ್. ಆಮೇಲೆ ಹೊಸ ಕಮಾಂಡ್ ಪ್ರಾಂಪ್ಟ್ ತೆರೆಯಿರಿ, ಹಳೆಯದಕ್ಕೆ ಗೊತ್ತಾಗುವುದಿಲ್ಲ. ಮೇಡಂ ಹೇಳಿದ ಜೆರಾಕ್ಸ್ ಕತೆ ಇಲ್ಲಿಯೂ ಅದೇ. ವಿಎಸ್ ಕೋಡ್ ಒಳಗಿನ ಟರ್ಮಿನಲ್ ಬಳಸುವವರು ಬರೀ ಆ ಟರ್ಮಿನಲ್ ಮುಚ್ಚಿದರೆ ಸಾಲದು, ವಿಎಸ್ ಕೋಡನ್ನೇ ಪೂರ್ತಿ ಮುಚ್ಚಿ ತೆರೆಯಬೇಕು. ಒಳಗಿನ ಟರ್ಮಿನಲ್‌ಗೆ ಪ್ರತಿ ಕೊಡುವುದು ವಿಎಸ್ ಕೋಡ್, ಅದರ ಕೈಯಲ್ಲೇ ಹಳೆಯದಿದ್ದರೆ ಏನು ಮಾಡುವುದು!

ಒಂದನ್ನು ಮಾತ್ರ ಕೈಮುಗಿದು ಹೇಳುತ್ತೇನೆ. ‘ಸೆಟ್‌ಎಕ್ಸ್’ ಕಮಾಂಡಿನಿಂದ ಪಾತ್ ಬದಲಿಸುವ ಸಲಹೆ ಎಲ್ಲ ಕಡೆ ಓಡಾಡುತ್ತದೆ. ಅದು 1024 ಅಕ್ಷರಕ್ಕಿಂತ ಉದ್ದ ಇದ್ದರೆ ಉಳಿದದ್ದನ್ನು ಕತ್ತರಿಸಿಬಿಡುತ್ತದೆ. ಜೊತೆಗೆ ವ್ಯವಸ್ಥೆಯ ಪಟ್ಟಿ, ನಿಮ್ಮ ಪಟ್ಟಿ ಎರಡನ್ನೂ ಕಲಸಿ ಒಂದೇ ಕಡೆ ಬರೆಯುತ್ತದೆ. ಒಬ್ಬ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಹೀಗೆ ಅರ್ಧ ಪಟ್ಟಿ ಹೋಗಿ, ಒಂದು ಇಡೀ ಸಂಜೆ ಕೂತು ಒಂದೊಂದಾಗಿ ಮತ್ತೆ ಸೇರಿಸಿದ್ದೇವೆ. ದಯವಿಟ್ಟು ಕಿಟಕಿಯಲ್ಲೇ ಎಡಿಟ್ ಮಾಡಿ.

ಬಯಲುಸೀಮೆ ಹುಡುಗ · ಭಾನುವಾರ ಬೆಳಿಗ್ಗೆ 10:52

ಅಣ್ಣಾ, ನನ್ನ ರೂಮ್‌ಮೇಟ್ ವಿಂಡೋಸ್‌ನಲ್ಲಿ ಪೈಥಾನ್ ಎಂದು ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆಯುತ್ತದೆ. ಪೈಥಾನ್ ಹಾಕಿಯಾಗಿದೆ. ಅದೂ ಪಾತ್ ಸಮಸ್ಯೆಯಾ?

ಕಡಲ ಕಿನಾರೆ · ಭಾನುವಾರ ಬೆಳಿಗ್ಗೆ 11:05

ಹೌದು. ಕಮಾಂಡ್ ಪ್ರಾಂಪ್ಟಿನಲ್ಲಿ ‘ವೇರ್ ಪೈಥಾನ್’ ಕೊಟ್ಟು ನೋಡಲಿ. ವಿಂಡೋಸ್‌ಆಪ್ಸ್ ಎಂಬ ಫೋಲ್ಡರಿನ ಹೆಸರು ಮೊದಲು ಬಂದರೆ, ಅಲ್ಲಿರುವುದು ನಿಜವಾದ ಪೈಥಾನ್ ಅಲ್ಲ, ಸ್ಟೋರ್‌ಗೆ ಕಳಿಸುವ ಒಂದು ಕೈಮರ. ಸೆಟ್ಟಿಂಗ್ಸ್‌ನಲ್ಲಿ ‘ಆಪ್ ಎಕ್ಸಿಕ್ಯೂಷನ್ ಅಲಿಯಾಸಸ್’ ಹುಡುಕಿ ಪೈಥಾನ್ ಹೆಸರಿನ ಸ್ವಿಚ್ಚುಗಳನ್ನು ಆಫ್ ಮಾಡಲಿ. ಪೈಥಾನ್ ಇನ್‌ಸ್ಟಾಲ್ ಮಾಡುವಾಗ ಮೊದಲ ಪುಟದ ಕೆಳಗೆ ಪಾತ್‌ಗೆ ಸೇರಿಸುವ ಚೌಕ ಇರುತ್ತದೆ, ಅದು ತಾನಾಗಿ ಟಿಕ್ ಆಗಿರುವುದಿಲ್ಲ. ಬಹುಶಃ ಅದನ್ನು ಟಿಕ್ ಮಾಡಿಲ್ಲ ಅವನು. ಪವರ್‌ಶೆಲ್‌ನಲ್ಲಾದರೆ ‘ವೇರ್’ ಎಂಬುದಕ್ಕೆ ಬೇರೆ ಅರ್ಥ, ಅಲ್ಲಿ ‘ಗೆಟ್-ಕಮಾಂಡ್ ಪೈಥಾನ್’ ಕೊಡಬೇಕು.

ಮ್ಯೂನಿಕ್ ಕನ್ನಡಿಗ · ಭಾನುವಾರ ಮಧ್ಯಾಹ್ನ 2:15

ಮ್ಯಾಕ್‌ನವರಿಗೆ ಎರಡು ಸಾಲು. ಎಂ1 ಚಿಪ್ಪಿನಿಂದ ಈಚಿನ ಮ್ಯಾಕ್‌ಗಳಲ್ಲಿ ಹೋಮ್‌ಬ್ರೂ ಎಂಬ ಪ್ರೋಗ್ರಾಂ ಹಾಕುವ ಸಾಧನ ತನ್ನ ಪ್ರೋಗ್ರಾಂಗಳನ್ನು /ಆಪ್ಟ್/ಹೋಮ್‌ಬ್ರೂ/ಬಿನ್‌ನಲ್ಲಿ ಇಡುತ್ತದೆ (ಈ ಆಪ್ಟ್ ಉಬುಂಟುವಿನದಲ್ಲ, ಓ-ಪಿ-ಟಿ ಎಂಬ ಫೋಲ್ಡರ್). ಹಳೆಯ ಇಂಟೆಲ್ ಮ್ಯಾಕ್‌ಗಳಲ್ಲಿ /ಯುಎಸ್ಆರ್/ಲೋಕಲ್/ಬಿನ್ ಆಗಿತ್ತು, ಅದು ಮೊದಲೇ ಪಾತ್‌ನಲ್ಲಿದ್ದ ಕಾರಣ ಯಾರಿಗೂ ತೊಂದರೆ ಆಗುತ್ತಿರಲಿಲ್ಲ. ಹೊಸ ಮ್ಯಾಕ್‌ನಲ್ಲಿ ಹೋಮ್‌ಬ್ರೂ ಹಾಕಿದ ಮೇಲೆ ಕೊನೆಯಲ್ಲಿ ‘ನೆಕ್ಸ್ಟ್ ಸ್ಟೆಪ್ಸ್’ ಎಂದು ಕೆಲವು ಸಾಲು ಬರುತ್ತವೆ. ಅವನ್ನು ನಕಲು ಮಾಡಿ ಓಡಿಸಲೇಬೇಕು. ನಮ್ಮ ತಂದೆಗೆ ವಿಡಿಯೋ ಕಾಲ್‌ನಲ್ಲಿ ಹಾಕಿಸುವಾಗ ನಾವಿಬ್ಬರೂ ಅದನ್ನು ಓದದೆ ಕಿಟಕಿ ಮುಚ್ಚಿದ್ದೆವು. ಮತ್ತೊಂದು, 2019ರ ಕ್ಯಾಟಲೀನಾದಿಂದ ಮ್ಯಾಕ್‌ನ ಶೆಲ್ ಬ್ಯಾಶ್ ಅಲ್ಲ, ಜಡ್‌ಶೆಲ್. .ಬ್ಯಾಶ್‌ಆರ್‌ಸಿಗೆ ಬರೆದರೆ ಅದು ಓದುವುದಿಲ್ಲ, .ಜಡ್‌ಎಸ್‌ಎಚ್‌ಆರ್‌ಸಿಗೆ ಬರೆಯಬೇಕು.

ಧಾರವಾಡ ಪೇಡೆ · ಭಾನುವಾರ ಸಂಜೆ 5:40

ನನ್ನದು ಸ್ವಲ್ಪ ವಿಚಿತ್ರ ಐತಿ, ಮೇಡಂ. ಪಿಎಚ್‌ಡಿ ಕೆಲಸಕ್ಕೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಟರ್ಮಿನಲ್‌ನಿಂದ ಲಾಗಿನ್ ಆಗುವ ದಾರಿ) ಮೂಲಕ ಒಂದು ಸರ್ವರ್‌ಗೆ ಹೋಗುತ್ತೇನೆ, ಅದರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಇದೆ. .ಬ್ಯಾಶ್‌ಆರ್‌ಸಿಯಲ್ಲಿ ಪಾತ್ ಸಾಲು ಸರಿಯಾಗಿ ಬರೆದಿದ್ದೇನೆ, $ಪಾತ್ ಕೂಡ ಇದೆ. ಲಾಗಿನ್ ಆದರೆ ಸಿಗುವುದಿಲ್ಲ. ಅಲ್ಲೇ ‘ಬ್ಯಾಶ್’ ಎಂದು ಇನ್ನೊಮ್ಮೆ ಟೈಪ್ ಮಾಡಿದರೆ ಸಿಗುತ್ತದೆ! ಲಾಗೌಟ್, ಲಾಗಿನ್ ಎಲ್ಲ ಮಾಡಿ ಆಯಿತು.

ಸರ್ವರ್ ರೂಮ್ · ಭಾನುವಾರ ಸಂಜೆ 6:20

ನಿಮ್ಮ ಹೋಮ್‌ನಲ್ಲಿ .ಬ್ಯಾಶ್_ಪ್ರೊಫೈಲ್ ಎಂಬ ಫೈಲ್ ಇದೆಯಾ? ‘ಎಲ್ಎಸ್ -ಎ’ ಕೊಟ್ಟು ನೋಡಿ.

ಧಾರವಾಡ ಪೇಡೆ · ಭಾನುವಾರ ಸಂಜೆ 6:28

ಇದೆ. ಯಾವಾಗಲೋ ಜಾವಾಗೆ ಅಂತ ಒಂದು ಸಾಲು ಹಾಕಿದ್ದೆ. ಅದೊಂದೇ ಸಾಲು ಇದೆ ಒಳಗೆ.

ಸರ್ವರ್ ರೂಮ್ · ಭಾನುವಾರ ಸಂಜೆ 6:50

ಹಾಗಾದರೆ ಅದೇ ಅಡ್ಡ ನಿಂತಿರುವುದು. ಎಸ್‌ಎಸ್‌ಎಚ್‌ನಲ್ಲಿ ಒಳಬಂದಾಗ ತೆರೆಯುವುದು ಲಾಗಿನ್ ಶೆಲ್. ಅದು ಮೂರು ಫೈಲುಗಳನ್ನು ಈ ಕ್ರಮದಲ್ಲಿ ಹುಡುಕುತ್ತದೆ: .ಬ್ಯಾಶ್_ಪ್ರೊಫೈಲ್, .ಬ್ಯಾಶ್_ಲಾಗಿನ್, .ಪ್ರೊಫೈಲ್. ಮೊದಲು ಸಿಕ್ಕಿದ್ದನ್ನು ಓದಿ ಅಲ್ಲಿಗೇ ನಿಲ್ಲಿಸುತ್ತದೆ. ಮೂರನ್ನೂ ಓದುವುದಿಲ್ಲ. ಡೆಬಿಯನ್‌ನಲ್ಲಿ ಲಾಗಿನ್ ಶೆಲ್ ಹೊತ್ತಿನಲ್ಲಿ .ಬ್ಯಾಶ್‌ಆರ್‌ಸಿಯನ್ನು ಕರೆಯುವುದು .ಪ್ರೊಫೈಲ್. ನಿಮ್ಮ ಒಂದು ಸಾಲಿನ ಜಾವಾ ಫೈಲ್ ಬಂದ ದಿನದಿಂದ .ಪ್ರೊಫೈಲ್ ಓದುವುದು ನಿಂತಿತು, ಅದರ ಜೊತೆ .ಬ್ಯಾಶ್‌ಆರ್‌ಸಿಯೂ ನಿಂತಿತು. ಒಳಗೆ ಮತ್ತೆ ‘ಬ್ಯಾಶ್’ ಕೊಟ್ಟಾಗ ತೆರೆಯುವುದು ಲಾಗಿನ್ ಅಲ್ಲದ ಶೆಲ್, ಅದು ನೇರ .ಬ್ಯಾಶ್‌ಆರ್‌ಸಿ ಓದುತ್ತದೆ. ಆದ್ದರಿಂದ ಅಲ್ಲಿ ಸಿಗುತ್ತದೆ.

.ಬ್ಯಾಶ್_ಪ್ರೊಫೈಲ್‌ನ ಮೊದಲ ಸಾಲಿನಲ್ಲಿ ಒಂದು ಚುಕ್ಕೆ, ಒಂದು ಜಾಗ, ಆಮೇಲೆ ~/.ಪ್ರೊಫೈಲ್ ಎಂದು ಬರೆಯಿರಿ. ಅಷ್ಟೆ. ಇಲ್ಲಿ ಚುಕ್ಕೆ ಅಂದರೆ ‘ಆ ಫೈಲನ್ನು ಈ ಶೆಲ್‌ನಲ್ಲೇ ಓದು’. ಚುಕ್ಕೆ ಇಲ್ಲದೆ ಫೈಲನ್ನು ಪ್ರೋಗ್ರಾಂ ಹಾಗೆ ಓಡಿಸಿದರೆ ಅದು ಮಗು ಶೆಲ್‌ನಲ್ಲಿ ಓಡಿ ಮುಗಿಯುತ್ತದೆ. ಮಗು ತನ್ನ ಪಾತ್ ಏನೇ ಬದಲಿಸಿಕೊಂಡರೂ ಅಪ್ಪನಿಗೆ ತಟ್ಟುವುದಿಲ್ಲ.

ಧಾರವಾಡ ಪೇಡೆ · ಭಾನುವಾರ ಸಂಜೆ 7:02

ಆಯ್ತ್ರೀ ಮೇಡಂ! ಎರಡು ತಿಂಗಳಿಂದ ಪ್ರತಿ ದಿನ ಎರಡು ಸಲ ಬ್ಯಾಶ್ ಟೈಪ್ ಮಾಡುತ್ತಿದ್ದೆ.

ತಿಪಟೂರು ಮೇಷ್ಟ್ರು · ಸೋಮವಾರ ಬೆಳಿಗ್ಗೆ 11:10

ಎಲ್ಲರ ಮಾತನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಈಗ ನನ್ನದೇ ಹೊಸ ಗೊಂದಲ. ಒಂದು ವಿಷಯ ಮೊದಲೇ ಹೇಳಿರಲಿಲ್ಲ. ಶನಿವಾರ ಉಬುಂಟು ಹೇಳಿದಂತೆ ಆಪ್ಟ್‌ನಿಂದಲೂ ಹಾಕೋಣ ಎಂದು ಭಾನುವಾರ ಹಾಕಿಬಿಟ್ಟಿದ್ದೆ, ಎರಡಿದ್ದರೆ ನಷ್ಟವೇನು ಎಂದುಕೊಂಡು. ಆವೃತ್ತಿ ಕೇಳಿದರೆ ಹಳೆಯ ಸಂಖ್ಯೆ ಬರುತ್ತಿತ್ತು. ಹಾಗಾಗಿ ಈಗ ಅದೇ ಟರ್ಮಿನಲ್‌ನಲ್ಲಿ ‘ಆಪ್ಟ್ ರಿಮೂವ್’ ಕೊಟ್ಟು ಆಪ್ಟ್‌ನದ್ದನ್ನು ತೆಗೆದೆ. ಇನ್ನು ಪಿಪ್‌ಎಕ್ಸ್‌ನದು ಸಿಗಬೇಕಲ್ಲ? ಆದರೆ ‘/ಯುಎಸ್ಆರ್/ಬಿನ್/ಓಸಿಆರ್‌ಮೈಪಿಡಿಎಫ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎನ್ನುತ್ತದೆ. ಈ ಸಲ ‘ಕಮಾಂಡ್ ನಾಟ್ ಫೌಂಡ್’ ಅಲ್ಲ.

ಸರ್ವರ್ ರೂಮ್ · ಸೋಮವಾರ ಮಧ್ಯಾಹ್ನ 1:20

ಮಾತು ಬೇರೆ ಎಂದು ಗಮನಿಸಿದಿರಲ್ಲ, ಅದಕ್ಕೇ ನಿಮ್ಮ ಪೋಸ್ಟ್ ಓದಲು ನನಗೆ ಇಷ್ಟ. ಸಂದೇಶ ಬೇರೆಯಾದರೆ ಕಾಯಿಲೆಯೂ ಬೇರೆ. ‘ನಾಟ್ ಫೌಂಡ್’ ಅಂದರೆ ಪಟ್ಟಿಯಲ್ಲಿ ಸಿಗಲಿಲ್ಲ. ‘ಪರ್ಮಿಷನ್ ಡಿನೈಡ್’ ಅಂದರೆ ಸಿಕ್ಕಿದೆ, ಓಡಿಸುವ ಅನುಮತಿ ಇಲ್ಲ. ನಿಮ್ಮದು ಮೂರನೆಯದು: ಶೆಲ್ ಹುಡುಕಲೇ ಇಲ್ಲ, ನೆನಪಿನಿಂದ ಹೋಯಿತು.

ಬ್ಯಾಶ್ ಒಂದು ಪ್ರೋಗ್ರಾಂ ಒಮ್ಮೆ ಸಿಕ್ಕಿದರೆ ಅದರ ವಿಳಾಸವನ್ನು ಒಂದು ಕೋಷ್ಟಕದಲ್ಲಿ ಬರೆದಿಟ್ಟುಕೊಳ್ಳುತ್ತದೆ, ಪ್ರತಿ ಸಲ 9-10 ಫೋಲ್ಡರ್ ತಡಕಾಡುವುದು ಬೇಡ ಎಂದು. ಪಿಪ್‌ಎಕ್ಸ್ ತನ್ನ ಜಾಗವನ್ನು ಪಟ್ಟಿಯ ಕೊನೆಗೆ ಸೇರಿಸಿತ್ತು, /ಯುಎಸ್ಆರ್/ಬಿನ್ ಅದಕ್ಕಿಂತ ಮುಂದಿತ್ತು. ಆದ್ದರಿಂದ ಆಪ್ಟ್‌ನ ಪ್ರತಿ ಮೊದಲು ಸಿಕ್ಕಿತು, ಅದರ ವಿಳಾಸ ನೆನಪಿನಲ್ಲಿ ಕೂತಿತು. ನೀವು ಅದನ್ನು ತೆಗೆದಿರಿ. ಬ್ಯಾಶ್ ಇನ್ನೂ ಹಳೇ ಮನೆಯ ಬಾಗಿಲು ತಟ್ಟುತ್ತಿದೆ.

ಮೊದಲು ‘ಟೈಪ್ ಓಸಿಆರ್‌ಮೈಪಿಡಿಎಫ್’ ಕೊಡಿ. ‘ಹ್ಯಾಶ್ಡ್’ ಎಂಬ ಪದದ ಜೊತೆ ಹಳೆಯ ವಿಳಾಸ ಬರುತ್ತದೆ. ಆಮೇಲೆ ‘ಹ್ಯಾಶ್ -ಆರ್’ ಕೊಡಿ. ಅಂದರೆ ನೆನಪನ್ನೆಲ್ಲ ಅಳಿಸು, ಹೊಸದಾಗಿ ಹುಡುಕು. ಇಂಥ ಹೊತ್ತಿನಲ್ಲಿ ‘ವಿಚ್’ ಎಂಬ ಕಮಾಂಡ್ ನಂಬಬೇಡಿ. ಅದು ಹೊರಗಿನ ಪ್ರೋಗ್ರಾಂ, ಶೆಲ್‌ನ ನೆನಪಿನಲ್ಲಿ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ. ಹೊಸ ವಿಳಾಸವನ್ನೇ ತೋರಿಸಿ ನಿಮ್ಮನ್ನು ಇನ್ನಷ್ಟು ಗೊಂದಲಕ್ಕೆ ಹಾಕುತ್ತದೆ. ‘ಟೈಪ್ -ಎ’ ಕೊಟ್ಟರೆ ಪಟ್ಟಿಯಲ್ಲಿರುವ ಎಲ್ಲ ಪ್ರತಿಗಳೂ ಸಾಲಾಗಿ ಕಾಣುತ್ತವೆ.

ಈ ನೆನಪಿನ ಕತೆ ಹಳೆಯದು. ಬಿಲ್ ಜಾಯ್ ಬರ್ಕ್ಲಿಯಲ್ಲಿ 1970ರ ದಶಕದ ಕೊನೆಗೆ ಬರೆದ ಸಿ ಶೆಲ್ ಇನ್ನೂ ಕಟ್ಟುನಿಟ್ಟು. ಶುರುವಾಗುವಾಗಲೇ ಎಲ್ಲ ಫೋಲ್ಡರ್ ಓದಿ ಕೋಷ್ಟಕ ಮಾಡಿಟ್ಟುಕೊಳ್ಳುತ್ತಿತ್ತು. ಆಮೇಲೆ ಹಾಕಿದ ಪ್ರೋಗ್ರಾಂ ಪಾತ್‌ನಲ್ಲೇ ಇದ್ದರೂ ಸಿಗುತ್ತಿರಲಿಲ್ಲ, ‘ರಿಹ್ಯಾಶ್’ ಕೊಡಲೇಬೇಕಿತ್ತು. ನಾನು ಕಲಿತದ್ದು ಅಂಥ ಯಂತ್ರದ ಮೇಲೆ. ಏನೇ ಹಾಕಿದರೂ ಬೆರಳು ತಾನಾಗಿ ರಿಹ್ಯಾಶ್ ಹೊಡೆಯುತ್ತಿತ್ತು. ಬ್ಯಾಶ್ ಸಿಗದೆ ಹೋದದ್ದನ್ನು ನೆನಪಿಡುವುದಿಲ್ಲ, ಸಿಕ್ಕಿದ್ದನ್ನು ಮಾತ್ರ. ಹಾಗಾಗಿ ಶನಿವಾರದ ನಿಮ್ಮ ಮೊದಲ ಸಮಸ್ಯೆಗೆ ಹ್ಯಾಶ್ -ಆರ್ ಕೊಟ್ಟಿದ್ದರೂ ಪ್ರಯೋಜನ ಇರಲಿಲ್ಲ.

ಇನ್ನೊಂದು ಎಚ್ಚರಿಕೆ: ಈಗ ‘ಆಟೋರಿಮೂವ್’ (ಇನ್ನು ಬೇಕಿಲ್ಲ ಎಂದು ಆಪ್ಟ್ ಅಂದುಕೊಂಡ ಜೊತೆ ಪ್ರೋಗ್ರಾಂಗಳನ್ನು ತೆಗೆಯುವ ಕಮಾಂಡ್) ಕೊಡಬೇಡಿ. ಅಕ್ಷರ ಓದುವ ಟೆಸರಾಕ್ಟ್ ಮತ್ತು ಪಿಡಿಎಫ್ ನಿಭಾಯಿಸುವ ಗೋಸ್ಟ್‌ಸ್ಕ್ರಿಪ್ಟ್ ಆಪ್ಟ್‌ನ ಆ ಪ್ರತಿಯ ಜೊತೆಗೆ ಬಂದಿದ್ದರೆ ಅವೂ ಕಿತ್ತುಹೋಗುತ್ತವೆ. ಓಸಿಆರ್‌ಮೈಪಿಡಿಎಫ್ ಕೆಲಸ ಮಾಡಲು ನಿಮಗೆ ಅವು ಬೇಕು.

ತಿಪಟೂರು ಮೇಷ್ಟ್ರು · ಸೋಮವಾರ ರಾತ್ರಿ 9:30

ಹ್ಯಾಶ್ -ಆರ್ ಕೊಟ್ಟೆ, ಸಿಕ್ಕಿತು. ಮೊದಲ ಸಂಚಿಕೆಗೆ ‘-ಎಲ್ ಕೆಎಎನ್’ ಕೊಟ್ಟು ಓಡಿಸಿದಾಗ ಕನ್ನಡದ ಭಾಷಾ ಮಾಹಿತಿ ಇಲ್ಲ ಎಂದಿತು. ಆಪ್ಟ್‌ನಿಂದ ಟೆಸರಾಕ್ಟ್-ಓಸಿಆರ್-ಕೆಎಎನ್ ಹಾಕಿದೆ. ಮತ್ತೆ ಓಡಿಸಿದೆ. ಪಿಡಿಎಫ್ ತೆರೆದು ಹುಡುಕುವ ಜಾಗದಲ್ಲಿ ‘ರಾಗಿ’ ಎಂದು ಬರೆದೆ. 11ನೇ ಪುಟಕ್ಕೆ ಹೋಗಿ ನಿಂತಿತು. ಹಳದಿ ಬಣ್ಣದಲ್ಲಿ ‘ರಾಗಿ’. ಕಣ್ಣು ತುಂಬಿ ಬಂತು. ಕೆಲವು ಒತ್ತಕ್ಷರಗಳನ್ನು ತಪ್ಪಾಗಿ ಓದಿದೆ, ಆದರೂ ಇಷ್ಟಾದರೂ ಆಯಿತಲ್ಲ.

ಉಳಿದ 61 ಸಂಚಿಕೆಗಳನ್ನು ರಾತ್ರಿ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ತಾನಾಗಿ ಕೆಲಸ ಓಡಿಸುವ ಪ್ರೋಗ್ರಾಂ) ಓಡಿಸಲು ಮೊಮ್ಮಗ ಒಂದು ಸ್ಕ್ರಿಪ್ಟ್ ಬರೆದುಕೊಟ್ಟಿದ್ದಾನೆ.

ತಿಪಟೂರು ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 6:40

ಬೆಳಿಗ್ಗೆ ಎದ್ದು ನೋಡಿದರೆ ಒಂದೂ ಆಗಿಲ್ಲ. ಲಾಗ್ ಫೈಲಿನಲ್ಲಿ ‘4ನೇ ಸಾಲು: ಓಸಿಆರ್‌ಮೈಪಿಡಿಎಫ್: ಕಮಾಂಡ್ ನಾಟ್ ಫೌಂಡ್’. ನಾನೇ ಕೈಯಾರೆ ಓಡಿಸಿದರೆ ಅದೇ ಸ್ಕ್ರಿಪ್ಟ್ ಓಡುತ್ತದೆ. ಈ ಸಲ ಯೋಚಿಸಿ ಉತ್ತರ ನಾನೇ ಹೇಳಲಾ? ಕ್ರಾನ್ ಕೈಯಲ್ಲಿರುವ ಜೆರಾಕ್ಸ್ ಬೇರೆ, ಅಲ್ವಾ?

ಸರ್ವರ್ ರೂಮ್ · ಮಂಗಳವಾರ ಬೆಳಿಗ್ಗೆ 7:15

ಅದೇ ಮೇಷ್ಟ್ರೇ, ಅದೇ! ಕ್ರಾನ್ ನಿಮ್ಮ ಲಾಗಿನ್‌ನ ಮಗುವಲ್ಲ. ಅದರ ಪಟ್ಟಿ ತೀರಾ ಚಿಕ್ಕದು, /ಯುಎಸ್ಆರ್/ಬಿನ್ ಮತ್ತು /ಬಿನ್ ಎರಡೇ. .ಬ್ಯಾಶ್‌ಆರ್‌ಸಿಯನ್ನೂ ಓದುವುದಿಲ್ಲ. ಸ್ಕ್ರಿಪ್ಟ್‌ನ 4ನೇ ಸಾಲಿನಲ್ಲಿ ಬರೀ ಹೆಸರಿನ ಬದಲು $ಹೋಮ್/.ಲೋಕಲ್/ಬಿನ್/ಓಸಿಆರ್‌ಮೈಪಿಡಿಎಫ್ ಎಂದು ಪೂರ್ತಿ ವಿಳಾಸ ಬರೆಯಿರಿ. ಟೆಸರಾಕ್ಟ್ /ಯುಎಸ್ಆರ್/ಬಿನ್‌ನಲ್ಲೇ ಇದೆ, ಅದಕ್ಕೆ ಏನೂ ಮಾಡಬೇಕಿಲ್ಲ. ಕ್ರಾನ್‌ಟ್ಯಾಬ್ (ಕ್ರಾನ್ ಓಡಿಸಬೇಕಾದ ಕೆಲಸಗಳ ಫೈಲ್) ಒಳಗೆ ಪಾತ್ ಸಾಲು ಬರೆಯಬಹುದು, ಆದರೆ ಅಲ್ಲಿ $ಪಾತ್, $ಹೋಮ್ ಬಿಡಿಸಿಕೊಳ್ಳುವುದಿಲ್ಲ, ಅದಕ್ಕೇ ಸ್ಕ್ರಿಪ್ಟ್ ತಿದ್ದುವುದೇ ಸುಲಭ.

ಸುಡೋ ಜೊತೆ ಓಡಿಸುವವರಿಗೂ ಇದೇ ಮಾತು. ಸುಡೋಗೆ ‘ಸೆಕ್ಯೂರ್ ಪಾತ್’ ಎಂಬ ತನ್ನದೇ ಪಟ್ಟಿ ಇದೆ, ನಿಮ್ಮದನ್ನು ಕೇಳುವುದಿಲ್ಲ. ಈ ಕೆಲಸಕ್ಕೆ ಸುಡೋ ಬೇಕಾಗಿಯೂ ಇಲ್ಲ.

ತಿಪಟೂರು ಮೇಷ್ಟ್ರು · ಬುಧವಾರ ಬೆಳಿಗ್ಗೆ 6:25

ರಾತ್ರಿ 23 ಸಂಚಿಕೆ ಮುಗಿದಿವೆ, ಇನ್ನೂ ಓಡುತ್ತಿದೆ.